ಯಾಪ್ಯವ್ಯಾಧಿಯೂ ಕಾಯಕದ ಆನಂದವೂ

ರೋಗಗಳ ಸ್ವರೂಪವನ್ನು ವಿಚಾರಿಸಿದ ನಮ್ಮ ಪ್ರಾಚೀನ ವೈದ್ಯಾಚಾರ್ಯರು ಗುಣವಾಗತಕ್ಕದ್ದು, ಗುಣವಾಗದಿರತಕ್ಕದ್ದು ಎಂದು ಎರಡೇ ಬಗೆಯನ್ನು ಹೇಳಿ ಸುಮ್ಮನಾಗಲಿಲ್ಲ. 'ಯಾಪ್ಯ'ವೆಂಬ ಇನ್ನೊಂದು ಬಗೆಯನ್ನೂ ಅವರು ಗುರುತಿಸಿದರು. ಬೇರುಸಹಿತ ನೀಗದೆ, ಆದರೆ ಔಷಧ ಪಥ್ಯಗಳು ನಡೆದಿರುವವರೆಗೆ ಹತೋಟಿಯಲ್ಲಿದ್ದು, ರೋಗಿಯನ್ನು ಬದುಕಗೊಡುವ ವ್ಯಾಧಿಗೆ ಯಾಪ್ಯವೆಂದು ಹೆಸರು. ಸುಶ್ರುತಾಚಾರ್ಯನು ಇದಕ್ಕೆ ಕೊಟ್ಟಿರುವ ದೃಷ್ಟಾಂತವು ಮನನಯೋಗ್ಯವಾಗಿದೆ. ಬೀಳಲಿರುವ ಮನೆಯನ್ನು ತಕ್ಕ ಎಡೆಯಲ್ಲಿ ನಿಲ್ಲಿಸಿದ ಆಸರೆಗಂಬವು ಹೇಗೆ ಎತ್ತಿ ಹಿಡಿಯುವುದೋ, ಹಾಗೆಯೇ ಸರಿಯಾದ ಚಿಕಿತ್ಸೆಯು ಯಾಪ್ಯರೋಗಿಯ ದೇಹವನ್ನು ಎತ್ತಿ ಹಿಡಿಯುವುದೆಂದು ಆತನ ಅಭಿಪ್ರಾಯ. ಇಂದಿನ ವೈದ್ಯರು ದೀರ್ಘಕಾಲಿಕ ರೋಗಗಳೆಂದು ಕರೆಯುವ ಮಧುಮೇಹ, ಉಬ್ಬಸ, ಸಂಧಿವಾತ, ಮೂತ್ರಪಿಂಡದ ಬೇನೆ ಮೊದಲಾದವುಗಳಲ್ಲಿ ಬಹಳಷ್ಟು ಈ ವರ್ಗಕ್ಕೇ ಸೇರತಕ್ಕವು.

ಆಸರೆಗಂಬವನ್ನು ನಿಲ್ಲಿಸುವುದಾದರೂ ಏತಕ್ಕೆ? ಮನೆಯು ಬೀಳದೆ ನಿಂತರೆ ಸಾಕೆಂದೇ? ಅಲ್ಲ; ಅದರೊಳಗೆ ಒಲೆ ಹೊತ್ತಬೇಕು, ದೀಪ ಬೆಳಗಬೇಕು, ಜನರು ಬಾಳಬೇಕು ಎಂಬುದಕ್ಕಾಗಿ. 'ಯಾಪ್ಯ'ವೆಂಬ ಶಬ್ದವೂ ನಾವು ನಿತ್ಯವೂ ಆಡುವ 'ಕಾಲಯಾಪನೆ'ಯೆಂಬ ಶಬ್ದವೂ ಒಂದೇ ಮೂಲದಿಂದ ಹುಟ್ಟಿದವು. ಹಾಗಾದರೆ ವಾಸಿಯಾಗದ ಬೇನೆಯೊಡನೆ ಬಾಳುವವನ ಪಾಲಿಗೆ ಉಳಿದುದು ಬರಿಯ ಕಾಲಯಾಪನೆಯೊಂದೆಯೆ? ಗುಳಿಗೆಯಿಂದ ಗುಳಿಗೆಯವರೆಗೆ ಹೊತ್ತು ಕಳೆಯುವುದೇ ಆತನ ಜೀವನವೆ? ಅಥವಾ ಆ ದೇಹದಲ್ಲಿಯೂ ಏನನ್ನಾದರೂ ನಿರ್ಮಿಸುವ, ನಿರ್ಮಿಸಿ ಸಂತೋಷಪಡುವ ಶಕ್ತಿಯು ಉಳಿದಿರುವುದೆ? ಇದು ಗ್ರಂಥದ ಪ್ರಶ್ನೆಯಲ್ಲ. ಊರೂರಿನ ಪಡಸಾಲೆಯ ಮೂಲೆಯಲ್ಲಿ ಮಂಚದ ಮೇಲೆ ಕುಳಿತಿರುವ ಅಜ್ಜಿಯ, ತಂದೆಯ, ಸೊಸೆಯ ಪ್ರಶ್ನೆ.

ಇದಕ್ಕೆ ಉತ್ತರವನ್ನು ತರ್ಕದಿಂದ ಹುಡುಕುವುದಕ್ಕಿಂತ ಬಾಳಿ ತೋರಿಸಿದವರಲ್ಲಿ ನೋಡುವುದು ಲೇಸು. ದೂರದ ಫ್ರಾನ್ಸ್ ದೇಶದ ಇಬ್ಬರು ಚಿತ್ರಕಾರರ ವೃತ್ತಾಂತವು ಇಲ್ಲಿ ನಮಗೆ ದಾರಿ ತೋರಿಸುವಂತಿದೆ.

ಪಿಯೆರ್ ಒಗುಸ್ತ್ ರೆನ್ವಾರ್ ಎಂಬಾತನು 1841ರಲ್ಲಿ ಲಿಮೋಜ್ ಎಂಬ ಊರಿನಲ್ಲಿ ಒಬ್ಬ ದರ್ಜಿಯ ಮಗನಾಗಿ ಹುಟ್ಟಿದನು. ಎಳೆಯ ವಯಸ್ಸಿನಲ್ಲಿ ಪಿಂಗಾಣಿ ಪಾತ್ರೆಗಳ ಮೇಲೆ ಚಿತ್ರ ಬರೆಯುವ ಕಸಬನ್ನು ಕಲಿತು, ಮುಂದೆ ದೊಡ್ಡ ಚಿತ್ರಕಾರನೆಂದು ಹೆಸರಾದನು. ಐವತ್ತರ ಆಸುಪಾಸಿನಲ್ಲಿ ಆತನನ್ನು ರುಮಟಾಯ್ಡ್ ಸಂಧಿವಾತವು ಹಿಡಿಯಿತು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ಬೀಳುವುದು ಈ ವ್ಯಾಧಿಯ ಲಕ್ಷಣ. ಕೀಲುಗಳು ಬಾತು, ಬೆಳಗಿನ ಹೊತ್ತು ಮರಗಟ್ಟಿ, ಕಾಲಕ್ರಮದಲ್ಲಿ ಸೊಟ್ಟಗಾಗುತ್ತವೆ. ಈಗ ಇದನ್ನು ಮೊದಲಲ್ಲಿಯೇ ಗುರುತಿಸಿದರೆ ಅದರ ವೇಗವನ್ನು ತಡೆಯುವ ಔಷಧಗಳುಂಟು. ರೆನ್ವಾರನ ಕಾಲಕ್ಕೆ ಅವು ಇರಲಿಲ್ಲ. ಆದುದರಿಂದ ಆತನ ಬೆರಳುಗಳು ಅಂಗೈಯ ಕಡೆಗೆ ಮಡಿಚಿಕೊಂಡವು. 1912ರ ಸುಮಾರಿಗೆ ನಡಿಗೆಯೂ ನಿಂತು ಗಾಲಿಕುರ್ಚಿಯೇ ಗತಿಯಾಯಿತು.

ಚಿತ್ರಕಾರನಿಗೆ ಕೈಯೇ ಹೋದ ಮೇಲೆ ಉಳಿಯುವುದೇನು ಎಂದು ಲೋಕವು ಕೇಳೀತು. ಆದರೆ ರೆನ್ವಾರನು ಕೈಬಿಡಲಿಲ್ಲ. ರೋಗದ ಮೊದಲ ವರ್ಷಗಳಲ್ಲಿ ಬೆರಳುಗಳು ಬಿಗಿಯದಿರಲೆಂದು ಚೆಂಡುಗಳನ್ನು ಎಸೆದು ಹಿಡಿಯುವ ಆಟವನ್ನು ಅಭ್ಯಾಸಮಾಡಿದನು. ಬೆಚ್ಚನೆಯ ಹವೆಗಾಗಿ ದಕ್ಷಿಣದ ಕಡಲತೀರಕ್ಕೆ ಬಂದು, 1907ರಲ್ಲಿ ಕಾನ್ಯ್ ಎಂಬಲ್ಲಿ ಹಳೆಯ ಆಲಿವ್ ಮರಗಳಿದ್ದ ತೋಟವೊಂದನ್ನು ಕೊಂಡು ಅಲ್ಲಿಯೇ ನೆಲೆಸಿದನು. ಮಡಿಚಿದ ಬೆರಳುಗಳು ಅಂಗೈಯ ಚರ್ಮವನ್ನು ನೋಯಿಸದಂತೆ ಬಟ್ಟೆಯನ್ನು ಸುತ್ತುತ್ತಿದ್ದರು. ಕುಂಚವನ್ನು ಹತ್ತಿರದವರು ಆತನ ಕೈಗೆ ಸಿಕ್ಕಿಸಿಕೊಡುತ್ತಿದ್ದರು. ದೊಡ್ಡ ಚಿತ್ರವನ್ನು ಬರೆಯಲು ಎದ್ದು ಓಡಾಡಲಾಗದಿದ್ದುದರಿಂದ, ಚಿತ್ರದ ಬಟ್ಟೆಯನ್ನು ಉರುಳೆಗಳ ಮೇಲೆ ಸುತ್ತಿ, ಬೇಕಾದ ಭಾಗವು ಆತನ ಕೈಗೆ ಎಟಕುವಂತೆ ಸರಿಸುವ ಏರ್ಪಾಡನ್ನು ಮಾಡಿದ್ದರು. 1913ರಿಂದ ಆತನು ಶಿಲ್ಪವನ್ನೂ ಕೈಗೊಂಡನು! ಮಣ್ಣನ್ನು ಮಿದಿಯುವ ಕೈ ರಿಶಾರ್ ಗೀನೋ ಎಂಬ ತರುಣ ಶಿಲ್ಪಿಯದು. ಇಲ್ಲಿ ಉಬ್ಬಬೇಕು, ಇಲ್ಲಿ ತಗ್ಗಬೇಕೆಂದು ತಿದ್ದುವ ಕಣ್ಣು ರೆನ್ವಾರನದು. ಈ ವರ್ಷಗಳ ಚಿತ್ರಗಳಲ್ಲಿ ನರಳಾಟವಿಲ್ಲ. ಹೂವುಗಳು, ಮಕ್ಕಳು, ಬಿಸಿಲು ತುಂಬಿದ ತೋಟಗಳು ಅಲ್ಲಿವೆ. 1919ರ ಡಿಸೆಂಬರ್ ತಿಂಗಳಿನಲ್ಲಿ ತೀರಿಕೊಳ್ಳುವವರೆಗೆ ಆತನು ಚಿತ್ರ ಬರೆಯುವುದನ್ನು ನಿಲ್ಲಿಸಲಿಲ್ಲ.

1917ರ ಕೊನೆಯಲ್ಲಿ ಈ ವೃದ್ಧನನ್ನು ಕಾಣಲು ಇನ್ನೊಬ್ಬ ಚಿತ್ರಕಾರನು ಬಂದನು. ಆನ್ರಿ ಮಾತೀಸ್ ಎಂದು ಆತನ ಹೆಸರು, 1869ರಲ್ಲಿ ಹುಟ್ಟಿದವನು. ಈತನು ಚಿತ್ರಕಾರನಾದುದೇ ಒಂದು ಕಾಯಿಲೆಯ ನಿಮಿತ್ತವಾಗಿ. ವಕೀಲರಲ್ಲಿ ಗುಮಾಸ್ತನಾಗಿದ್ದ ಆತನಿಗೆ 1890ರ ಸುಮಾರಿಗೆ ಕರುಳಬಾಲದ ರೋಗವುಂಟಾಗಿ ಹಾಸಿಗೆ ಹಿಡಿದಾಗ, ಹೊತ್ತು ಹೋಗಲೆಂದು ತಾಯಿಯು ಬಣ್ಣದ ಪೆಟ್ಟಿಗೆಯೊಂದನ್ನು ತಂದುಕೊಟ್ಟಳು. ಆ ಪೆಟ್ಟಿಗೆಯೇ ಆತನ ಬಾಳಿನ ಹಾದಿಯನ್ನು ತಿರುಗಿಸಿತು. ಅಂದಿನ ಭೇಟಿಯ ತರುವಾಯ ಇಪ್ಪತ್ತಮೂರು ವರ್ಷಗಳು ಕಳೆದು, ರೆನ್ವಾರನ ಸ್ಥಿತಿಯನ್ನು ಹೋಲುವ ಸ್ಥಿತಿಯು ಮಾತೀಸನಿಗೂ ಪ್ರಾಪ್ತವಾಯಿತು. 1941ರ ಜನವರಿಯಲ್ಲಿ ಲಿಯೋನ್ ನಗರದಲ್ಲಿ ಕರುಳಿನ ಕ್ಯಾನ್ಸರಿಗಾಗಿ ಆತನಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವವು ಉಳಿಯಿತು, ಆದರೆ ಬಹು ಹೊತ್ತು ನಿಂತು ಚಿತ್ರ ಬರೆಯುವ ಬಲವು ಹೋಯಿತು. ಹಾಸಿಗೆ, ಗಾಲಿಕುರ್ಚಿ ಇವೇ ಮುಂದಿನ ಆಸನಗಳಾದವು.

ಆಗ ಮಾತೀಸನು ಕತ್ತರಿಯನ್ನು ಕೈಗೆ ತೆಗೆದುಕೊಂಡನು. ಸಹಾಯಕರು ಕಾಗದಗಳಿಗೆ ಬಣ್ಣ ಬಳಿದು ಒಣಗಿಸಿಕೊಡುವರು. ಆತನು ಕುಳಿತಲ್ಲಿಯೇ ಎಲೆ, ಹಕ್ಕಿ, ಅಲೆಗಳ ಆಕಾರವನ್ನು ಕತ್ತರಿಸುವನು. ಸಹಾಯಕರು ಆತನು ತೋರಿಸಿದ ಎಡೆಯಲ್ಲಿ ಗೋಡೆಗೆ ಸಿಕ್ಕಿಸುವರು. ಒಪ್ಪಿಗೆಯಾಗದಿದ್ದರೆ ಮತ್ತೆ ಸರಿಸುವರು. ಹೀಗೆ ಸಿದ್ಧವಾದ ಚಿತ್ರಗಳ ಪುಸ್ತಕವೊಂದು 1947ರಲ್ಲಿ 'ಜಾಝ್' ಎಂಬ ಹೆಸರಿನಿಂದ ಪ್ರಕಟವಾಯಿತು. ವಾನ್ಸ್ ಎಂಬ ಊರಿನ ಪ್ರಾರ್ಥನಾಮಂದಿರಕ್ಕೆ ಬೇಕಾದ ದೊಡ್ಡ ರೇಖಾಚಿತ್ರಗಳನ್ನು ಆತನು ಉದ್ದನೆಯ ಕೋಲಿನ ತುದಿಗೆ ಇದ್ದಿಲನ್ನು ಕಟ್ಟಿಸಿಕೊಂಡು ಬರೆದನು. ಆ ಮಂದಿರವು 1951ರಲ್ಲಿ ಪೂರ್ಣವಾಯಿತು. 1954ರಲ್ಲಿ ಕಾಲವಾಗುವವರೆಗಿನ ಆ ಹದಿಮೂರು ವರ್ಷಗಳ ಕೃತಿಗಳು ಆತನ ಆರೋಗ್ಯಕಾಲದ ಕೃತಿಗಳಿಗಿಂತ ಕಡಿಮೆಯವೆಂದು ಬಲ್ಲವರು ಎಣಿಸುವುದಿಲ್ಲ.

ಈ ಇಬ್ಬರ ಬಾಳಿನಿಂದ ತಿಳಿಯತಕ್ಕುದೇನು? ರೋಗವು ಉಪಕರಣವನ್ನು ಕಸಿದುಕೊಳ್ಳಬಹುದು; ನಿರ್ಮಿಸುವ ಇಚ್ಛೆಯನ್ನು ಅದರೊಡನೆಯೇ ಒಪ್ಪಿಸಿಬಿಡಬೇಕಾದುದಿಲ್ಲ. ಹಿಂದಿನ ಕೈ ಮರಳಿ ಬರಲಿ, ಆಮೇಲೆ ನೋಡೋಣವೆಂದು ಅವರು ಕಾಯುತ್ತ ಕುಳಿತುಕೊಳ್ಳಲಿಲ್ಲ. ಇಂದು ಉಳಿದಿರುವ ದೇಹವೆಷ್ಟು, ಅದರಿಂದ ಆಗುವ ಕೆಲಸವಾವುದು ಎಂದು ಕೇಳಿಕೊಂಡು, ಆ ಅಳತೆಗೆ ತಕ್ಕಂತೆ ಕೆಲಸವನ್ನೇ ಮಾರ್ಪಡಿಸಿಕೊಂಡರು. ಅಲ್ಲದೆ, ಪರರ ಕೈಯನ್ನು ಅವಮಾನವೆಂದು ಬಗೆಯದೆ ತಮ್ಮ ಕೆಲಸಕ್ಕೆ ಸೇರಿಸಿಕೊಂಡರು.

ಈ ಅಳತೆಯ ಮಾತು ಶರಣರ ಕಾಯಕತತ್ತ್ವವನ್ನು ಬಲ್ಲವರಿಗೆ ಹೊಸತಲ್ಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ನೆನೆಯಿರಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಸಂತೋಷಪಡಲಿಲ್ಲ. ಬೇಕಾದುದಕ್ಕಿಂತ ಮಿಗಿಲಾದುದು ನಮಗೆ ಸಲ್ಲದೆಂದು ಹೇಳಿ ಮರಳಿ ಒಯ್ದು ಸುರಿಯುವಂತೆ ಮಾಡಿದಳು. ಇದನ್ನು ಸಾಮಾನ್ಯವಾಗಿ ಅತಿಯಾಸೆಯ ನಿಷೇಧಕ್ಕೆ ಉದಾಹರಿಸುವುದುಂಟು. ರೋಗಿಯ ಪಾಲಿಗೆ ಇದರಲ್ಲಿ ಇನ್ನೊಂದು ಬೋಧೆಯೂ ಇದೆ. ಕಾಯಕದ ಹಿರಿಮೆಯು ರಾಶಿಯ ಗಾತ್ರದಲ್ಲಿಲ್ಲ. ಹಿಡಿಯಷ್ಟೇ ಆಯ್ದರೂ ಅದು ಕಾಯಕವೇ. ಶಕ್ತಿಯನ್ನು ಮೀರಿ ಮೂಟೆ ಹೊರಹೋಗುವುದು ಅಲ್ಲಿಯೂ ಮೆಚ್ಚಿಗೆಯಲ್ಲ. ಮೈ ಹಗುರವಾಗಿರುವ ದಿನ ಎರಡು ದಿನದ ಕೆಲಸವನ್ನು ಒಮ್ಮೆಗೇ ಮಾಡಿ, ಮುಂದಿನ ನಾಲ್ಕು ದಿನ ಹಾಸಿಗೆ ಹಿಡಿಯುವುದು ಇಂತಹ ರೋಗಿಗಳಲ್ಲಿ ಕಂಡುಬರುವ ಸಂಗತಿ. ಆಯಾಸವು ಬರುವುದಕ್ಕೆ ಮೊದಲೇ ನಿಲ್ಲಿಸುವುದು, ವಿಶ್ರಾಂತಿಯನ್ನೂ ಕೆಲಸದ ಭಾಗವೆಂದೇ ಎಣಿಸುವುದು ವಿವೇಕದ ಮಾರ್ಗ. ಏನೂ ಆಗದ ದಿನವೂ ಬರುವುದು. ಅಂದು ಏನನ್ನೂ ಮಾಡದಿದ್ದುದಕ್ಕಾಗಿ ಪರಿತಪಿಸಬೇಕಾದುದಿಲ್ಲ.

ಚಿತ್ರಕಾರರ ಮಾತು ದೊಡ್ಡವರದಾಯಿತು, ನಮ್ಮ ಮನೆಯ ರೋಗಿಗೆ ಇದು ಹೇಗೆ ಅನ್ವಯಿಸೀತೆಂದು ಕೇಳಬಹುದು. ನಮ್ಮ ಮನೆಗಳಲ್ಲಿ ನಿರ್ಮಾಣದ ಆನಂದಕ್ಕೆ ಕೊರತೆಯೇನಿದೆ? ಹಳೆಯ ಸೀರೆ ಧೋತರಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದನ್ನೇ ನೋಡಿರಿ. ಬೆರಳು ಸೊಟ್ಟಗಾದ ಅಜ್ಜಿಯು ಸೂಜಿ ಹಿಡಿಯಲಾರಳು, ನಿಜ. ಆದರೆ ಕೆಂಪಿನ ಪಕ್ಕಕ್ಕೆ ಯಾವ ಬಣ್ಣ ಒಪ್ಪುವುದು, ಅಂಚಿಗೆ ಯಾವ ಪಟ್ಟಿ ಬರಬೇಕು ಎಂಬುದನ್ನು ಬಲ್ಲ ಕಣ್ಣು ಆಕೆಯದು. ಅಜ್ಜಿಯು ತುಂಡುಗಳನ್ನು ಆರಿಸಿ ಹಾಸಲಿ, ಮೊಮ್ಮಗಳು ಹೊಲಿಯಲಿ. ಆಗ ಆ ಕೌದಿಯು ಅಜ್ಜಿಯ ಕೌದಿಯೇ. ರೆನ್ವಾರನು ಗೀನೋವಿನ ಕೈಯಿಂದ ಶಿಲ್ಪವನ್ನು ಮಾಡಿಸಿದುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಉಬ್ಬಸದಿಂದ ದೀರ್ಘವಾಗಿ ಹಾಡಲಾರದವಳು ತನ್ನ ನೆನಪಿನಲ್ಲಿರುವ ಬೀಸುವ ಪದ, ಸೋಬಾನೆ ಪದಗಳನ್ನು ಬಿಡಿಸಿ ಹೇಳಿ ಮಕ್ಕಳಿಂದ ಬರೆಯಿಸಬಹುದು. ಮೂತ್ರಪಿಂಡದ ರೋಗದಿಂದ ವಾರಕ್ಕೆ ಎರಡು ಮೂರು ಸಲ, ಪ್ರತಿಸಲವೂ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಬಳಿ ಇರಬೇಕಾದವನು ಆ ಹೊತ್ತಿನಲ್ಲಿ ತನ್ನ ಊರಿನ ಕಥೆಯನ್ನು ಬಾಯಿಂದ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಡಬಹುದು.

ಇಲ್ಲಿ ಮನೆಯವರ ಹೊಣೆಯು ರೋಗಿಯ ಹೊಣೆಗಿಂತ ಕಡಿಮೆಯಾದುದಲ್ಲ. ನಾವು ಪ್ರೀತಿಯಿಂದಲೇ ಮಾಡುವ ಒಂದು ಅನ್ಯಾಯವುಂಟು. 'ನೀವು ಸುಮ್ಮನೆ ಕುಳಿತುಕೊಳ್ಳಿರಿ ಅವ್ವಾ, ಎಲ್ಲವನ್ನೂ ನಾವು ಮಾಡುತ್ತೇವೆ' ಎನ್ನುತ್ತ ರೋಗಿಯ ಕೈಯಿಂದ ಒಂದೊಂದೇ ಕೆಲಸವನ್ನು ತೆಗೆದುಕೊಳ್ಳುತ್ತೇವೆ. ಮೊದಲು ಒಲೆ ಹೋಗುತ್ತದೆ, ಆಮೇಲೆ ರಂಗೋಲಿ, ಆಮೇಲೆ ಹೂ ಕಟ್ಟುವುದು. ಕಡೆಗೆ ಮನೆಯ ಮಾತುಕತೆಯಲ್ಲಿ ಅಭಿಪ್ರಾಯ ಹೇಳುವುದೂ ಹೋಗುತ್ತದೆ. ಬೇನೆಯು ತೆಗೆದುಕೊಂಡುದು ಬೆರಳಿನ ಬಲವನ್ನು ಮಾತ್ರ. ಉಳಿದುದನ್ನು ನಾವು ತೆಗೆದುಕೊಂಡಂತಾಯಿತು. ಅದಕ್ಕಿಂತಲೂ ಕಠೋರವಾದುದು, ಬೇನೆಯನ್ನು ಹಿಂದಿನ ಪಾಪದ ಕೂಲಿಯೆಂದು ಆಡಿಕೊಳ್ಳುವುದು. ದೇಹದ ರಕ್ಷಣಾಶಕ್ತಿಯು ದಾರಿ ತಪ್ಪಿದರೆ ಅದಕ್ಕೆ ವೈದ್ಯನು ಬೇಕೇ ಹೊರತು ನೆರೆಹೊರೆಯವರ ತೀರ್ಪು ಬೇಕಾಗಿಲ್ಲ.

ಇಷ್ಟನ್ನು ಹೇಳಿದ ಮಾತ್ರಕ್ಕೆ ನೋವು ಒಳ್ಳೆಯದೆಂದಾಗಲಿ, ಕಲೆಯೇ ಔಷಧವೆಂದಾಗಲಿ ಯಾರೂ ಭಾವಿಸಲಾಗದು. ನೋವು ನೋವೇ. ರೆನ್ವಾರನ ಕುಂಚವು ಆತನ ಕೀಲುಗಳನ್ನು ಗುಣಪಡಿಸಲಿಲ್ಲ. ಮಾತೀಸನನ್ನು ಮೊದಲು ಬದುಕಿಸಿದುದು ಶಸ್ತ್ರವೈದ್ಯರ ಕೈ. ಆಸರೆಗಂಬವನ್ನು ಕಿತ್ತು ಮನೆಯೊಳಗೆ ದೀಪ ಹಚ್ಚುವವರಿಲ್ಲ. ಆದುದರಿಂದ ಔಷಧ, ಪಥ್ಯ, ವೈದ್ಯರ ಭೇಟಿ ಇವು ತಪ್ಪದೆ ನಡೆಯಬೇಕು. ಮನಸ್ಸಿನ ಮಂಕು ವಾರಗಟ್ಟಲೆ ಹರಿಯದೆ, ಹಿಂದೆ ಪ್ರಿಯವಾಗಿದ್ದುದೆಲ್ಲವೂ ಬೇಡವಾದರೆ ಅದನ್ನು ಸೋಮಾರಿತನವೆಂದು ಜರೆಯದೆ ವೈದ್ಯರಿಗೆ ತಿಳಿಸಬೇಕು, ಅದಕ್ಕೂ ಚಿಕಿತ್ಸೆಯುಂಟು.

ಸದ್ಭಕ್ತರೇ, ನಿಮ್ಮ ಮನೆಯಲ್ಲಿ ಬಹುಕಾಲದ ಬೇನೆಯುಳ್ಳವರು ಇದ್ದರೆ ದಿನವೂ 'ಈಗ ಹೇಗಿದೆ?' ಎಂದು ಕೇಳುತ್ತೀರಷ್ಟೆ. ನಾಳೆ ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: 'ಏನು ಮಾಡಬೇಕೆಂದು ನಿಮಗೆ ಆಸೆಯಿದೆ?' ಉತ್ತರವು ಕೂಡಲೆ ಬಾರದಿರಬಹುದು; ಬಹುದಿನಗಳಿಂದ ಯಾರೂ ಕೇಳದ ಪ್ರಶ್ನೆಯದು. ತಾಳ್ಮೆಯಿಂದ ಕಾಯಿರಿ. ಉತ್ತರ ಬಂದಾಗ ಅದು ಎಷ್ಟು ಸಣ್ಣದಾಗಿದ್ದರೂ, ಅದಕ್ಕೆ ಬೇಕಾದ ಬಟ್ಟೆಯ ಗಂಟನ್ನೋ ಕಾಗದವನ್ನೋ ಬಣ್ಣದ ಪೆಟ್ಟಿಗೆಯನ್ನೋ ತಂದು ಅವರ ಕೈಗೆ ಎಟಕುವಂತೆ ಇಡಿರಿ; ಅಗತ್ಯವಿದ್ದರೆ ನಿಮ್ಮ ಕೈಯನ್ನೂ ಅವರಿಗೆ ಕೊಡಿರಿ.