ಸರಾಸರಿ 434: ಮೊರಬದಲ್ಲಿ ಒಂದು ಪಾಠಾನುಭವ

ಬೋಧನಾಭ್ಯಾಸದ ಅವಧಿಯಲ್ಲಿ ಮೊರಬದ ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ‘ಧಾರವಾಡ ಜಿಲ್ಲೆ: ಜನಸಂಖ್ಯೆಯ ಹಂಚಿಕೆ’ ಎಂಬ ಪಾಠ ಮಾಡಿದೆ. ಜನಸಾಂದ್ರತೆಯನ್ನು ಲೆಕ್ಕ ಹಾಕುವುದು ಮತ್ತು ಹಂಚಿಕೆಯ ಕಾರಣಗಳನ್ನು ತಿಳಿಯುವುದು ಪಾಠದ ಉದ್ದೇಶಗಳಾಗಿದ್ದವು.

ಮೊದಲ ಅವಧಿ

2011ರ ಜನಗಣತಿಯ ಅಂಕಿಗಳನ್ನು ಹಲಗೆಯ ಮೇಲೆ ಬರೆದೆ. ಜಿಲ್ಲೆಯ ವಿಸ್ತೀರ್ಣ 4,260 ಚದರ ಕಿ.ಮೀ., ಜನಸಂಖ್ಯೆ 18,47,023. ಮಕ್ಕಳು ಭಾಗಿಸಿ, ಚದರ ಕಿ.ಮೀ.ಗೆ 434 ಜನ ಎಂದು ಸರಿಯಾಗಿಯೇ ಹೇಳಿದರು. ಆಗ ಒಬ್ಬ ಹುಡುಗ ಎದ್ದುನಿಂತ.

“ಸರ್ರ, ನಮ್ಮ ಹೊಲದಾಗ ನಿಂತ್ರ ಒಬ್ರೂ ಕಾಣಂಗಿಲ್ರಿ. ಹುಬ್ಬಳ್ಳ್ಯಾಗ ನಿಲ್ಲಾಕ ಜಾಗಾ ಇರಂಗಿಲ್ಲ. ಈ 434 ಮಂದಿ ಇರೋದು ಎಲ್ಲಿರಿ?”

“ಸರಾಸರಿ ಅಂದರೆ ಹಾಗೇ” ಎಂದು ಮುಂದೆ ಸಾಗಿದೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಮಗುವಿನ ಪ್ರಶ್ನೆಗೆ ಉತ್ತರ ಬಂದಿಲ್ಲ.” ಆ ರಾತ್ರಿ ಪಾಠಯೋಜನೆಯನ್ನು ಮತ್ತೆ ಬರೆದೆ.

ಎರಡನೆಯ ಅವಧಿ

ನೆಲದ ಮೇಲೆ ಸಮನಾದ 21 ಚೌಕ ಎಳೆಸಿದೆ. ಒಂದು ಚೌಕವೆಂದರೆ ಸುಮಾರು 200 ಚದರ ಕಿ.ಮೀ. ಹುಬ್ಬಳ್ಳಿ-ಧಾರವಾಡ ಮಹಾನಗರ ಹೆಚ್ಚುಕಡಿಮೆ ಒಂದು ಚೌಕದಷ್ಟು. ಜಿಲ್ಲೆಯ ಜನರೆಲ್ಲ ಸೇರಿ 100 ಕಡಲೆಕಾಳು ಎಂದುಕೊಂಡೆವು. ಮಹಾನಗರದ ಜನ 9,43,788. ಅಂದರೆ 51 ಕಾಳು ಆ ಒಂದೇ ಚೌಕಕ್ಕೆ. ಉಳಿದ 49 ಕಾಳುಗಳನ್ನು 20 ಚೌಕಗಳಿಗೆ ಹಂಚಿದಾಗ ತಲಾ ಎರಡೋ ಮೂರೋ ಬಂದವು. ಮತ್ತೆ ಲೆಕ್ಕ ಹಾಕಿದರು: ಮಹಾನಗರದಲ್ಲಿ ಚದರ ಕಿ.ಮೀ.ಗೆ ಸುಮಾರು 4,700, ಉಳಿದೆಡೆ ಸುಮಾರು 220. “ಹಂಗಾರ 434 ಎಲ್ಲೂ ಇಲ್ಲರಿ!” ಎಂದ ಅದೇ ಹುಡುಗ.

ಕಾರಣಗಳನ್ನು ಮಕ್ಕಳೇ ಹುಡುಕಿದರು. ಹುಬ್ಬಳ್ಳಿಗೆ ರೈಲು, ಹತ್ತಿ ವ್ಯಾಪಾರ. ಧಾರವಾಡಕ್ಕೆ ಕಚೇರಿ, ವಿಶ್ವವಿದ್ಯಾಲಯ. ಸುಮಾರು 20 ಕಿ.ಮೀ. ಅಂತರದ ಈ ಎರಡು ಊರುಗಳು 1962ರಲ್ಲಿ ಒಂದೇ ಪಾಲಿಕೆಯಾದುದನ್ನು ನಾನು ಸೇರಿಸಿದೆ. ನವಲಗುಂದ ತಾಲೂಕಿನದು ಕಪ್ಪು ಎರೆನೆಲ. ಇಲ್ಲಿ ಹೊಲ ವಿಶಾಲ, ಊರುಗಳು ದೂರದೂರ.

ಕೊನೆಗೆ ಒಬ್ಬ ಹುಡುಗಿ ಒಂದು ಕಾಳು ಹಿಡಿದು ಕೇಳಿದಳು: “ನಮ್ಮಪ್ಪ ವಾರದಾಗ ಐದು ದಿನ ಹುಬ್ಬಳ್ಳ್ಯಾಗ ದುಡಿತಾನ್ರಿ. ಅವನ ಕಾಳು ಯಾವ ಚೌಕದಾಗ ಇಡ್ಲಿ?”

ಗಣತಿಯಲ್ಲಿ ಒಬ್ಬರನ್ನು ಒಂದೇ ಕಡೆ ಎಣಿಸುತ್ತಾರೆ, ವಾರವಾರದ ಓಡಾಟ ಸಾಂದ್ರತೆಯ ಅಂಕಿಯಲ್ಲಿ ಕಾಣುವುದಿಲ್ಲ ಎಂದೆ. ಅವಳು ಸ್ವಲ್ಪ ಯೋಚಿಸಿ ಕಾಳನ್ನು ನಮ್ಮ ಊರಿನ ಚೌಕದಲ್ಲಿಟ್ಟಳು.

ಕಲಿತದ್ದು

ಈ ಚಟುವಟಿಕೆಗೂ ಮಿತಿಯುಂಟು: ನವಲಗುಂದ, ಅಣ್ಣಿಗೇರಿಯಂಥ ಪಟ್ಟಣಗಳು ಇದರಲ್ಲಿ ಹಳ್ಳಿಗಳೊಂದಿಗೆ ಬೆರೆತುಹೋಗುತ್ತವೆ. ಅದನ್ನು ತರಗತಿಯಲ್ಲೇ ಹೇಳಬೇಕು. ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸೂಚನೆ ಇಷ್ಟೇ: ಸರಾಸರಿ ಬರೆದ ಕೂಡಲೇ “ಇದು ನಮ್ಮೂರಿಗೆ ಹೊಂದುತ್ತದೆಯೇ?” ಎಂದು ಕೇಳಿರಿ. ಉತ್ತರ ‘ಇಲ್ಲ’ ಎಂದು ಬಂದರೆ ಪಾಠ ಅಲ್ಲಿಂದಲೇ ಶುರುವಾಗಲಿ.