ಮನೆಯಲ್ಲಿದ್ದುಕೊಂಡೇ ಮದ್ಯವ್ಯಸನ ಚಿಕಿತ್ಸೆ: ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

ಅಧ್ಯಯನ ಪಾಠ

ಪಾಠದ ಉದ್ದೇಶ: ಮದ್ಯವ್ಯಸನಕ್ಕೆ ಹೊರರೋಗಿ ಚಿಕಿತ್ಸೆ ಹೇಗೆ ನಡೆಯುತ್ತದೆ, ಯಾರಿಗೆ ಅದು ಸಾಲದು, ಆಸ್ಪತ್ರೆಯ ಒಂದು ಭೇಟಿಗೂ ಮುಂದಿನ ಭೇಟಿಗೂ ನಡುವಿನ ದಿನಗಳಲ್ಲಿ ಪಂಚಾಯಿತಿಯ ಕೆಲಸವೇನು ಎಂಬುದನ್ನು ಸದಸ್ಯರು ಅರಿಯುವುದು.

1. ಒಂದು ಸನ್ನಿವೇಶ

ಇದು ಚರ್ಚೆಗಾಗಿ ಕಲ್ಪಿಸಿದ ಸನ್ನಿವೇಶ. ಅನೇಕ ವರ್ಷಗಳಿಂದ ಬೆಳಗಿನ ಹೊತ್ತಿನಿಂದಲೇ ಕುಡಿಯುತ್ತಿದ್ದ ಕೂಲಿಕಾರನೊಬ್ಬನನ್ನು ಊರಿನ ಹಿರಿಯರು ಸೋಮವಾರ ದೇವಸ್ಥಾನಕ್ಕೆ ಕರೆದೊಯ್ದು, ಇನ್ನು ಮುಂದೆ ಮದ್ಯ ಮುಟ್ಟುವುದಿಲ್ಲವೆಂದು ಆಣೆ ಮಾಡಿಸುತ್ತಾರೆ. ಆತ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾನೆ. ಮಂಗಳವಾರ ಬೆಳಿಗ್ಗೆ ಅವನ ಕೈ ನಡುಗುತ್ತದೆ, ಮೈ ಬೆವರುತ್ತದೆ, ಅನ್ನ ಸೇರುವುದಿಲ್ಲ. ಆ ರಾತ್ರಿ ಫಿಟ್ಸ್ ಬರುತ್ತದೆ. ಗುರುವಾರ ಗೋಡೆಯ ಮೇಲೆ ಇಲ್ಲದ ಹುಳುಗಳು ಅವನ ಕಣ್ಣಿಗೆ ಕಾಣುತ್ತವೆ; ಹೆಂಡತಿಯ ಗುರುತೇ ಸಿಗುವುದಿಲ್ಲ. ಮನೆಯವರು ಇದನ್ನು ಗಾಳಿಯ ಸೋಂಕೆಂದು ತಿಳಿದು ಆಸ್ಪತ್ರೆಗೆ ಒಯ್ಯದೆ ತಡಮಾಡುತ್ತಾರೆ.

ಆಣೆ ಮಾಡಿಸಿದವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಮಾತು ಉಳಿಸಿಕೊಂಡ ಕಾರಣಕ್ಕೇ ಆ ವ್ಯಕ್ತಿಯ ಪ್ರಾಣ ಅಪಾಯಕ್ಕೆ ಸಿಲುಕಿತು.

2. ಹೀಗಾಗಲು ಕಾರಣ

ದೀರ್ಘಕಾಲ ಅತಿಯಾಗಿ ಕುಡಿದವರ ಮೆದುಳು ಮದ್ಯದ ಇರುವಿಕೆಗೆ ಹೊಂದಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತಾಗ ಆ ಹೊಂದಾಣಿಕೆ ತಪ್ಪಿ ನರಮಂಡಲ ಕೆರಳುತ್ತದೆ. ಕೊನೆಯ ಬಾರಿ ಕುಡಿದ 6ರಿಂದ 24 ಗಂಟೆಗಳೊಳಗೆ ನಡುಕ, ಬೆವರು, ವಾಕರಿಕೆ ಹಾಗೂ ನಿದ್ರಾಹೀನತೆ ತೋರಬಹುದು. ಫಿಟ್ಸ್ ಸಾಮಾನ್ಯವಾಗಿ ಮೊದಲ 48 ಗಂಟೆಗಳೊಳಗೆ ಬರುತ್ತದೆ. ಕೆಲವರಲ್ಲಿ ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಕಾಣಿಸಿಕೊಳ್ಳುತ್ತದೆ. ಸನ್ನಿಗೆ ಚಿಕಿತ್ಸೆ ದೊರೆಯದಿದ್ದರೆ ಸಾವು ಸಂಭವಿಸಬಹುದು. ಆದುದರಿಂದ ಪ್ರತಿದಿನ ಅತಿಯಾಗಿ ಕುಡಿಯುವವರು ವೈದ್ಯರ ಸಲಹೆಯಿಲ್ಲದೆ ಹಠಾತ್ತನೆ ನಿಲ್ಲಿಸುವಂತೆ ಯಾರೂ ಒತ್ತಾಯಿಸಬಾರದು.

3. ಹೊರರೋಗಿ ಚಿಕಿತ್ಸೆಯ ಕ್ರಮ

ಎಲ್ಲ ವ್ಯಸನಿಗಳೂ ಆಸ್ಪತ್ರೆಯಲ್ಲಿ ತಂಗಬೇಕಾಗಿಲ್ಲ. ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದವರು, ಯಕೃತ್ತು ಅಥವಾ ಹೃದಯದ ತೀವ್ರ ಕಾಯಿಲೆಯುಳ್ಳವರು, ಆತ್ಮಹತ್ಯೆಯ ಯೋಚನೆಯುಳ್ಳವರು ಹಾಗೂ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರು ಒಳರೋಗಿಗಳಾಗಿ ದಾಖಲಾಗುವುದು ಕ್ಷೇಮ. ಉಳಿದವರಲ್ಲಿ ಅನೇಕರು ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯಬಹುದು. ಇದರ ನಿರ್ಣಯ ವೈದ್ಯರದು.

ಚಿಕಿತ್ಸೆಗೆ ಎರಡು ಘಟ್ಟಗಳಿವೆ. ಮೊದಲ ಘಟ್ಟ ಸುಮಾರು ಒಂದು ವಾರದ್ದು. ನಡುಕ ಮತ್ತು ಫಿಟ್ಸ್ ತಡೆಯುವ ಔಷಧವನ್ನು ಹಂತಹಂತವಾಗಿ ಇಳಿಸುತ್ತ ನೀಡಲಾಗುತ್ತದೆ. ನೆನಪು ಮತ್ತು ನಡಿಗೆಗೆ ಹಾನಿಯಾಗದಂತೆ ಬಿ1 ಜೀವಸತ್ವ ಕೊಡಲಾಗುತ್ತದೆ. ಎರಡನೆಯ ಘಟ್ಟ ಹಲವು ತಿಂಗಳುಗಳದು. ಕುಡಿಯುವ ತುಡಿತವನ್ನು ತಗ್ಗಿಸುವ ಮಾತ್ರೆ, ಆಪ್ತಸಮಾಲೋಚನೆ, ಕುಟುಂಬದವರೊಂದಿಗೆ ಮಾತುಕತೆ, ಜೊತೆಗಿರುವ ಖಿನ್ನತೆ ಅಥವಾ ಆತಂಕಕ್ಕೆ ಚಿಕಿತ್ಸೆ ಇವು ಅದರ ಅಂಗಗಳು. ದೊಡ್ಡ ನಗರಗಳ ಕೆಲವು ಕೇಂದ್ರಗಳಲ್ಲಿ ವಾರಕ್ಕೆ ಹಲವು ದಿನ, ದಿನಕ್ಕೆ ಕೆಲವು ಗಂಟೆ ಇಂಥ ಚಿಕಿತ್ಸೆ ನಡೆಯುತ್ತದೆ. ಗ್ರಾಮಾಂತರದಲ್ಲಿ ತಾಲ್ಲೂಕು ಆಸ್ಪತ್ರೆಯ ನಿಯತ ಭೇಟಿ ಮತ್ತು ಊರಿನೊಳಗಿನ ಅನುಸರಣೆ ಸೇರಿ ಆ ಸ್ಥಾನವನ್ನು ತುಂಬಬೇಕಾಗುತ್ತದೆ.

ನಡುವೆ ಮತ್ತೆ ಕುಡಿದರೆ ಚಿಕಿತ್ಸೆ ವ್ಯರ್ಥವಾಯಿತೆಂದು ಅರ್ಥವಲ್ಲ. ಕ್ಷಯರೋಗಿ ಮಾತ್ರೆ ತಪ್ಪಿಸಿದರೆ ಆತನನ್ನು ಜರೆಯದೆ ಮರಳಿ ಆರೋಗ್ಯ ಕೇಂದ್ರಕ್ಕೆ ಕರೆತರುವ ಕ್ರಮ ಊರಿನಲ್ಲಿ ಈಗಾಗಲೇ ಇದೆ. ಇಲ್ಲಿಯೂ ಅದೇ ಕ್ರಮ ಸಲ್ಲುತ್ತದೆ.

ಒಂದು ಎಚ್ಚರಿಕೆ: ಕುಡಿತ ಬಿಡಿಸುವ ಪುಡಿ ಅಥವಾ ಮಾತ್ರೆಯನ್ನು ವ್ಯಕ್ತಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡುವ ರೂಢಿ ಕೆಲವೆಡೆ ಇದೆ. ಡೈಸಲ್ಫಿರಾಂ ಎಂಬ ಔಷಧ ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ತೀವ್ರ ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ರೋಗಿಯ ತಿಳಿವಳಿಕೆ ಮತ್ತು ಒಪ್ಪಿಗೆಯಿಲ್ಲದೆ ಅದನ್ನು ಕೊಡತಕ್ಕದ್ದಲ್ಲ.

4. ಕಾನೂನು ಮತ್ತು ಸೌಲಭ್ಯ

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017, ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದು ರೋಗಿಯ ಹಕ್ಕು. ಆತನ ವಿವರ ಗೋಪ್ಯವಾಗಿರಬೇಕು. ಸರಪಳಿಯಿಂದ ಕಟ್ಟಿಹಾಕುವುದು ನಿಷಿದ್ಧ.

ಮನೆಯ ಸಮೀಪದಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯವೆಂಬುದನ್ನು ಕರ್ನಾಟಕ ಮೊದಲೇ ಕಂಡಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯನ್ನು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿತು. 1996ರಿಂದ ಅದು ದೇಶದ ಇತರ ಜಿಲ್ಲೆಗಳಿಗೆ ವಿಸ್ತರಿಸಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಭೇಟಿ ನೀಡುವ ವ್ಯವಸ್ಥೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ವ್ಯಸನಮುಕ್ತಿಗಾಗಿಯೇ 14446 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಯಿದೆ.

5. ಪಂಚಾಯಿತಿ ಮಾಡಬಹುದಾದ ಕಾರ್ಯ

ಅ) ಮನೋವೈದ್ಯರು ಯಾವ ಮಂಗಳವಾರ ಬರುವರೆಂದು ತಾಲ್ಲೂಕು ಆಸ್ಪತ್ರೆಯಿಂದ ತಿಳಿದುಕೊಂಡು, ದಿನಾಂಕವನ್ನೂ ಸಹಾಯವಾಣಿ ಸಂಖ್ಯೆಗಳನ್ನೂ ಸೂಚನಾ ಫಲಕದಲ್ಲಿ ಪ್ರಕಟಿಸುವುದು.

ಆ) ಊರಿನಲ್ಲಿ ಮದ್ಯವರ್ಜನ ಶಿಬಿರ ನಡೆಯುವುದಾದರೆ, ಶಿಬಿರಾರ್ಥಿಗಳ ವೈದ್ಯಕೀಯ ತಪಾಸಣೆ ಮೊದಲೇ ಆಗುವಂತೆಯೂ ಶಿಬಿರದ ಬಳಿಕ ಚಿಕಿತ್ಸೆ ಮುಂದುವರಿಯುವಂತೆಯೂ ಆರೋಗ್ಯ ಕೇಂದ್ರದೊಡನೆ ಏರ್ಪಾಡು ಮಾಡುವುದು.

ಇ) ಆಸ್ಪತ್ರೆಯ ಭೇಟಿ ತಪ್ಪಲು ದಿನಗೂಲಿಯ ನಷ್ಟ ಹಾಗೂ ಬಸ್ಸಿನ ಖರ್ಚು ಸಾಮಾನ್ಯ ಕಾರಣಗಳು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಇದನ್ನು ಚರ್ಚಿಸಿ ಪರಿಹಾರ ಹುಡುಕುವುದು.

ಈ) ವ್ಯಸನಿಯ ಹೆಸರನ್ನು ಗ್ರಾಮಸಭೆಯಲ್ಲಿ ಎತ್ತದಿರುವುದು, ದಂಡ ಅಥವಾ ಬಹಿಷ್ಕಾರಕ್ಕೆ ಆಸ್ಪದ ಕೊಡದಿರುವುದು. ಅವಮಾನಕ್ಕೆ ಅಂಜಿದವರು ಕುಡಿತವನ್ನು ಮರೆಮಾಚುತ್ತಾರೆಯೇ ಹೊರತು ಬಿಡುವುದಿಲ್ಲ.

ಉ) ಹೊಡೆತಕ್ಕೆ ಒಳಗಾದ ಹೆಂಡತಿ ಮಕ್ಕಳ ರಕ್ಷಣೆಯನ್ನು ಚಿಕಿತ್ಸೆ ಮುಗಿಯುವವರೆಗೆ ಮುಂದೂಡದಿರುವುದು.

ಊ) ಅಕ್ರಮ ಮದ್ಯ ಮಾರಾಟ ಕಂಡುಬಂದಲ್ಲಿ ಅಬಕಾರಿ ಇಲಾಖೆಗೆ ಲಿಖಿತವಾಗಿ ತಿಳಿಸುವುದು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವ್ಯಸನ ಅದರೊಂದಿಗೇ ಹೋಗಲಿಲ್ಲ. ಮಾರಾಟದ ನಿಯಂತ್ರಣವೂ ಬೇಕು, ಚಿಕಿತ್ಸೆಯೂ ಬೇಕು.

6. ಚರ್ಚೆಗೆ ಪ್ರಶ್ನೆಗಳು

1) ಮೇಲಿನ ಸನ್ನಿವೇಶದಲ್ಲಿ ಆಣೆ ಮಾಡಿಸುವ ಮುನ್ನ ಏನು ಮಾಡಬೇಕಿತ್ತು? ಮಂಗಳವಾರ ರಾತ್ರಿ ಯಾರು 108ಕ್ಕೆ ಕರೆ ಮಾಡಬೇಕಿತ್ತು?

2) ತಮ್ಮ ಪಂಚಾಯಿತಿಯ ಅತಿ ದೂರದ ಗ್ರಾಮದಿಂದ ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಎಷ್ಟು ಸಮಯ, ಎಷ್ಟು ಹಣ ಬೇಕು?

3) ಕುಡಿತ ಬಿಟ್ಟು ಮೂರು ತಿಂಗಳಾದ ವ್ಯಕ್ತಿ ಜಾತ್ರೆಯಲ್ಲಿ ಮತ್ತೆ ಕುಡಿದರೆ, ಮರುದಿನ ಆತನ ಮನೆಗೆ ಯಾರು ಹೋಗಬೇಕು? ಏನು ಹೇಳಬೇಕು?

ಮೂರನೆಯ ಪ್ರಶ್ನೆಗೆ ಸದಸ್ಯರು ಸಭೆಯಲ್ಲಿ ಒಮ್ಮತದ ಉತ್ತರ ಕಂಡುಕೊಳ್ಳುವುದು ಉಚಿತ. ಚಿಕಿತ್ಸೆ ಉಳಿಯುವುದೂ ಮುರಿಯುವುದೂ ಬಹುಮಟ್ಟಿಗೆ ಆ ಮರುದಿನವೇ.