ಹಳೆ ಕಾರಿಗೆ ಬೇರೆ ಎಂಜಿನ್: ಕೊಳ್ಳುವ ಮೊದಲು ಅಳೆಯಿರಿ

ನನ್ನ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಒಂದು ಬೇಸಿಗೆಯಲ್ಲಿ ವಿಪರೀತ ಬಿಸಿಯಾಗಿ ಬ್ಲಾಕ್ ಬಿರುಕುಬಿಟ್ಟಿತು. ಅದೇ 1089 ಸಿಸಿಯ ಇನ್ನೊಂದು ಒಳ್ಳೆಯ ಬ್ಲಾಕ್ ಸಿಗಲಿಲ್ಲ. ಆಗ ಗುಜರಿಯಲ್ಲಿ ಕಣ್ಣಿಗೆ ಬಿದ್ದ ಬೇರೆ ಕಂಪನಿಯ ಎಂಜಿನ್ ಕೊಂಡು ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ. ಚೈನ್ ಬ್ಲಾಕಿನಲ್ಲಿ ಎತ್ತಿ ಇಳಿಸಿದರೆ ಅದರ ಆಯಿಲ್ ಸಂಪ್ ನೇರ ಕ್ರಾಸ್ ಮೆಂಬರ್ ಮೇಲೆ ಕೂತಿತು. ಎಂಜಿನ್ ನಾಲ್ಕು ಬೆರಳು ಮೇಲೆದ್ದು ನಿಂತಿತು, ಬಾನೆಟ್ ಮುಚ್ಚಲಿಲ್ಲ. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಆ ಎಂಜಿನ್ ಎಂಟು ತಿಂಗಳು ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು.

ಅಂದು ಕಲಿತ ಪಾಠವೇ ಈ ಲೇಖನ. ಎಂಜಿನ್ ಕೊಳ್ಳುವುದು ಕೊನೆಯ ಕೆಲಸ. ಗಾಡಿಗೆ ಏನು ಹಿಡಿಸುತ್ತದೆ, ಅದು ಏನನ್ನು ತಾಳಿಕೊಳ್ಳುತ್ತದೆ, ಕಾನೂನು ಎಷ್ಟಕ್ಕೆ ಒಪ್ಪುತ್ತದೆ ಎಂಬುದು ಮೊದಲು ತಿಳಿಯಬೇಕು. ಪದ್ಮಿನಿಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ. ಅಂಬಾಸಿಡರ್, ಕಾಂಟೆಸಾ ಇರುವವರಿಗೂ ದಾರಿ ಇದೇ.

ಕಂಪನಿಗಳೇ ಮಾಡಿದ ಕಸಿ

ಒಂದು ಗಾಡಿಗೆ ಇನ್ನೊಂದರ ಎಂಜಿನ್ ಕೂರಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ಪ್ರೀಮಿಯರ್ ಕಂಪನಿ 1985ರಲ್ಲಿ ತಂದ 118ಎನ್‌ಇ ಕಾರಿನ ಮೈ ಇಟಲಿಯ ಫಿಯಟ್ 124ರದ್ದು, ಎಂಜಿನ್ ಜಪಾನಿನ ನಿಸ್ಸಾನ್ ಎ12. ಹಿಂದುಸ್ತಾನ್ ಮೋಟಾರ್ಸ್‌ನ ಕಾಂಟೆಸಾ ಬ್ರಿಟನ್ನಿನ ವಾಕ್ಸ್‌ಹಾಲ್ ಮೈಯಲ್ಲಿ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಹೊತ್ತು ಬಂತು. ಆ ಭಾರದ ಗಾಡಿಗೆ ಅಷ್ಟು ಶಕ್ತಿ ಸಾಲಲಿಲ್ಲ. ಮುಂದೆ 1.8 ಲೀಟರಿನ ಇಸುಜು ಎಂಜಿನ್ ಬಂದ ಮೇಲೆ ಅದು ಬೇರೆಯದೇ ಕಾರಾಯಿತು. ಕೊನೆಗೆ ಅಂಬಾಸಿಡರ್‌ಗೂ ಅದೇ ಇಸುಜು ಬಂತು.

ಹೊಂದದ ಜೋಡಿಯೂ ಉಂಟು. 1985ರ ಸ್ಟ್ಯಾಂಡರ್ಡ್ 2000 ಕಾರಿನ ಮೈ ರೋವರ್ ಎಸ್‌ಡಿ1ರದ್ದು. ಒಳಗೆ ಕೂತದ್ದು ಹಳೆಯ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ವಂಶದ ಎಂಜಿನ್. ಚಂದದ ಮೈಗೆ ತಕ್ಕ ಉಸಿರು ಇಲ್ಲದೆ ಆ ಕಾರು ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಎಂಜಿನ್ನಿನ ಒಳ್ಳೆಯತನಕ್ಕಿಂತ ಜೋಡಿಯ ಹೊಂದಾಣಿಕೆ ದೊಡ್ಡದು ಎಂಬುದಕ್ಕೆ ಈ ಮೂರು ಕಾರುಗಳೇ ಸಾಕ್ಷಿ.

ಹೆಜ್ಜೆ 1: ಮೊದಲು ಆರ್‌ಟಿಒ, ಆಮೇಲೆ ಗ್ಯಾರೇಜು

ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆ, ಸಿಸಿ, ಇಂಧನ ಎಲ್ಲವೂ ದಾಖಲಾಗಿರುತ್ತವೆ. ತಯಾರಕರು ಕೊಟ್ಟ ವಿವರಕ್ಕೆ ಆರ್‌ಸಿ ವಿವರ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಅದೇ ತಯಾರಕರ ಅದೇ ಮಾದರಿಯ ಎಂಜಿನ್ ಆದರೆ ಅನುಮತಿ ಪಡೆದು ಆರ್‌ಸಿಯಲ್ಲಿ ಹೊಸ ಸಂಖ್ಯೆ ಬರೆಸುವುದು ಸಾಧ್ಯವಾದ ದಾರಿ. ಬೇರೆ ಕಂಪನಿಯ, ಬೇರೆ ಸಿಸಿಯ ಎಂಜಿನ್ ಎಂದರೆ ದಾರಿ ತುಂಬ ಕಿರಿದು. ಆದ್ದರಿಂದ ಒಂದು ಅರ್ಜಿ ಬರೆದು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದು, ಉತ್ತರವನ್ನು ಬರವಣಿಗೆಯಲ್ಲೇ ಕೇಳಿ. ‘ಆಮೇಲೆ ನೋಡ್ಕೊಳ್ಳೋಣ ಬಿಡಿ ಸಾರ್’ ಎಂಬ ಮಾತನ್ನು ನಂಬಿ ಕೆಲಸ ಶುರುಮಾಡಬೇಡಿ. ಅಪಘಾತವಾದಾಗ ವಿಮೆಯವರು ಮೊದಲು ತೆಗೆದು ನೋಡುವುದು ಆರ್‌ಸಿಯನ್ನೇ. ಅನುಮತಿ ಸಿಗದಿದ್ದರೆ ಆ ಗಾಡಿ ನಿಮ್ಮ ತೋಟಕ್ಕೆ, ಖಾಸಗಿ ಜಾಗಕ್ಕೆ, ರೇಸ್ ಟ್ರ್ಯಾಕಿಗೆ ಮಾತ್ರ. ಸಾರ್ವಜನಿಕ ರಸ್ತೆಗೆ ಇಳಿಸಬಾರದು.

ಗಾಡಿಯ ವಯಸ್ಸನ್ನೂ ಲೆಕ್ಕ ಹಾಕಿ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ಚಾಸಿ, ಬಾಡಿ ಅಥವಾ ಎಂಜಿನ್ ಬದಲಾಗಿದ್ದರೆ ಆ ಅರ್ಹತೆ ಹೋಗುತ್ತದೆ. ಎಪ್ಪತ್ತರ ದಶಕದ ಪದ್ಮಿನಿ ನಿಮ್ಮ ಬಳಿ ಇದ್ದರೆ, ಹಳೆ ಬ್ಲಾಕಿಗೆ ಸ್ಲೀವ್ ಹಾಕಿಸಿ ಉಳಿಸಿಕೊಳ್ಳಬಹುದೇ ಎಂದು ಇನ್ನೊಮ್ಮೆ ಯೋಚಿಸಿ.

ಹೆಜ್ಜೆ 2: ಗಾಡಿಯ ಜಾತಕ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಂಡು ಇವಿಷ್ಟನ್ನು ಬರೆದಿಡಿ:

• ರೇಡಿಯೇಟರ್‌ನಿಂದ ಫೈರ್‌ವಾಲ್‌ವರೆಗಿನ ಉದ್ದ, ಎರಡು ಪಕ್ಕಗಳ ನಡುವಿನ ಅಗಲ, ಕ್ರಾಸ್ ಮೆಂಬರ್‌ನಿಂದ ಬಾನೆಟ್‌ವರೆಗಿನ ಎತ್ತರ.
• ಸ್ಟೀರಿಂಗ್ ಕಾಲಂ ಮತ್ತು ಸ್ಟೀರಿಂಗ್ ಬಾಕ್ಸ್ ಇರುವ ಕಡೆ. ಹೊಸ ಎಂಜಿನ್ನಿನ ಎಕ್ಸಾಸ್ಟ್ ಅದೇ ಕಡೆ ಬಂದರೆ ಕಷ್ಟ.
• ಮೂಲ ಮೌಂಟಿಂಗ್‌ಗಳ ಜಾಗ, ಗೇರ್‌ಬಾಕ್ಸ್ ಕೂರುವ ಸುರಂಗದ ಅಗಲ, ಪ್ರೊಪೆಲ್ಲರ್ ಶಾಫ್ಟಿನ ಉದ್ದ.
• ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲಿನ ತೂಕ. ವೇ ಬ್ರಿಡ್ಜಿನಲ್ಲಿ ಮೊದಲು ಮುಂದಿನ ಚಕ್ರ, ಆಮೇಲೆ ಇಡೀ ಗಾಡಿ ನಿಲ್ಲಿಸಿದರೆ ಲೆಕ್ಕ ಸಿಗುತ್ತದೆ.

ನಾಲ್ಕನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಮುಂದಿನ ಚಕ್ರಗಳ ಮೇಲೆ ಐವತ್ತು ಕೆಜಿ ಹೆಚ್ಚಾದರೆ ಸ್ಪ್ರಿಂಗ್ ಕೂರುತ್ತದೆ, ಸ್ಟೀರಿಂಗ್ ಗಟ್ಟಿಯಾಗುತ್ತದೆ, ತಿರುವಿನಲ್ಲಿ ಗಾಡಿ ಹೊರಕ್ಕೆ ಎಳೆಯುತ್ತದೆ.

ಹೆಜ್ಜೆ 3: ಅಭ್ಯರ್ಥಿಗಳ ಪಟ್ಟಿ

ಪದ್ಮಿನಿಯಲ್ಲಿ ಎಂಜಿನ್ ಉದ್ದುದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಮುಂದಿನ ಚಕ್ರ ಎಳೆಯುವ ಸ್ವಿಫ್ಟ್, ಸ್ಯಾಂಟ್ರೋ, ಜೆನ್‌ಗಳ ಎಂಜಿನ್ ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತದೆ ನಿಜ. ಆದರೆ ಅದು ಅಡ್ಡಡ್ಡ ಕೂರುವ ಎಂಜಿನ್, ಗೇರ್‌ಬಾಕ್ಸ್ ಬೇರೆಯೇ ಬಗೆಯದು. ಉದ್ದಕ್ಕೆ ತಿರುಗಿಸಿ ಕೂರಿಸಿದರೆ ನೀರಿನ ಕೊಳವೆ ಫೈರ್‌ವಾಲಿಗೆ ಒತ್ತುತ್ತದೆ, ಬೇರೆ ಗೇರ್‌ಬಾಕ್ಸಿಗೆ ಅಡಾಪ್ಟರ್ ಪ್ಲೇಟ್ ಮಾಡಿಸಬೇಕು. ಆ ಪ್ಲೇಟ್ ಕೂದಲೆಳೆಯಷ್ಟು ಅತ್ತಿತ್ತ ಆದರೂ ಗೇರ್‌ಬಾಕ್ಸಿನ ಶಾಫ್ಟ್ ಮತ್ತು ಕ್ರ್ಯಾಂಕ್ ಒಂದೇ ಗೆರೆಗೆ ಬರುವುದಿಲ್ಲ, ಕ್ಲಚ್ ಮತ್ತು ಬೇರಿಂಗ್ ಬೇಗ ಸವೆಯುತ್ತವೆ. ಹಾಗಾಗಿ ಹಿಂದಿನ ಚಕ್ರದ ಗಾಡಿಯಿಂದ, ಅದರದೇ ಗೇರ್‌ಬಾಕ್ಸ್ ಸಮೇತ ಎಂಜಿನ್ ತನ್ನಿ.

ನಿಸ್ಸಾನ್ 1171 ಸಿಸಿ (118ಎನ್‌ಇ): ಅದೇ ಕಂಪನಿಯ ಕಾರಿನದು, ಹತ್ತಿರದ ನೆಂಟ. ಬಿಡಿಭಾಗ ಮಾತ್ರ ಈಗ ಇದಕ್ಕೂ ವಿರಳ.

ಜಿಪ್ಸಿ 1298 ಸಿಸಿ: ನನ್ನ ಮೆಚ್ಚಿನ ಆಯ್ಕೆ. ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ, ಆದ್ದರಿಂದ ಹಗುರ. ಜಿಪ್ಸಿಯಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಚಿಕ್ಕದೊಂದು ಶಾಫ್ಟ್ ಇದೆ. ಆ ಶಾಫ್ಟ್ ಬಿಚ್ಚಿದರೆ ಗೇರ್‌ಬಾಕ್ಸಿನ ಹಿಂಭಾಗದಿಂದ ಪ್ರೊಪೆಲ್ಲರ್ ಶಾಫ್ಟನ್ನು ನೇರವಾಗಿ ಹಿಂದಿನ ಆಕ್ಸಲ್ಲಿನ ಹೌಸಿಂಗಿಗೆ ಒಯ್ಯಬಹುದು. ಗೇರ್ ಲಿವರ್ ಕೂಡ ಬಾಕ್ಸಿನ ಮೇಲೇ ಇದೆ.

ಈಕೋ 1196 ಸಿಸಿ: ವ್ಯಾನ್ ಎಂಜಿನ್ ಎಂದು ಮೂಗು ಮುರಿಯಬೇಡಿ. ಹಿಂದಿನ ಚಕ್ರದ್ದು, ಬಿಡಿಭಾಗ ಊರೂರಲ್ಲಿ ಸಿಗುತ್ತದೆ. ತೊಡಕಿರುವುದು ಗೇರಿನಲ್ಲಿ. ವ್ಯಾನಿನಲ್ಲಿ ಎಂಜಿನ್ ಸೀಟಿನಡಿ ಇರುವುದರಿಂದ ಲಿವರಿನ ಜೋಡಣೆ ಬೇರೆ ಥರ, ಅದನ್ನು ಹೊಸದಾಗಿ ಮಾಡಿಸಬೇಕು.

ಇಸುಜು 1817 ಸಿಸಿ: ಅಂಬಾಸಿಡರ್ ಇರುವವರಿಗೆ ಕಂಪನಿಯೇ ತೋರಿಸಿದ ದಾರಿ. ಪದ್ಮಿನಿಯಂಥ ಹಗುರ ಗಾಡಿಗೆ ಬೇಡ.

ಕ್ವಾಲಿಸ್, ಸುಮೋಗಳ ಡೀಸೆಲ್: ಬಾಳಿಕೆಗೆ ಹೆಸರುವಾಸಿ. ಆದರೆ ಆ ತೂಕ, ಆ ಅದುರು ಎರಡನ್ನೂ ಪದ್ಮಿನಿಯ ಮುಂಭಾಗ ತಾಳದು.

ವಿದ್ಯುತ್ ಮೋಟಾರ್: ಇಂಧನ ಬದಲಿಸುವ ಅನುಮೋದಿತ ಕಿಟ್‌ಗಳಿಗೆ 52ನೇ ಸೆಕ್ಷನ್ನಿನಲ್ಲೇ ಅವಕಾಶವಿದೆ. ಎಲೆಕ್ಟ್ರಿಕ್ ಕಿಟ್ಟಿಗೆ ಎಐಎಸ್-123 ಎಂಬ ಮಾನದಂಡವೂ ಇದೆ. ನಿಮ್ಮ ಮಾದರಿಯ ಗಾಡಿಗೆ ಅನುಮೋದನೆ ಪಡೆದ ಕಿಟ್ ಇದ್ದರೆ ಕಾನೂನಿನ ದೃಷ್ಟಿಯಿಂದ ಇದೇ ನೇರ ದಾರಿ.

ಹೆಜ್ಜೆ 4: ಕಾರ್ಡ್‌ಬೋರ್ಡ್ ಎಂಜಿನ್, ಚಪಾತಿ ಹಿಟ್ಟು

ದುಡ್ಡು ಕೊಡುವ ಮುಂಚೆ ಆ ಎಂಜಿನ್ ಇರುವ ಗಾಡಿಯನ್ನು ಹುಡುಕಿ ಟೇಪ್ ಹಿಡಿದು ಅಳೆಯಿರಿ. ಸಂಪಿನ ಆಳದ ಭಾಗ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಮುಖ್ಯವಾಗಿ ಬರೆದುಕೊಳ್ಳಿ. ಅದೇ ಅಳತೆಗೆ ಕಾರ್ಡ್‌ಬೋರ್ಡ್, ಥರ್ಮಕೋಲ್‌ನಲ್ಲಿ ಎಂಜಿನ್ ಮಾಡಿ ಗಾಡಿಯೊಳಗೆ ಇಳಿಸಿ. ಎಂಜಿನ್ ಓಡುವಾಗ ಅದುರುತ್ತದೆ, ಗೇರ್ ಹಾಕಿದಾಗ ಒಂದು ಕಡೆಗೆ ವಾಲುತ್ತದೆ. ಆದ್ದರಿಂದ ಸುತ್ತಲೂ ಕನಿಷ್ಠ 20ರಿಂದ 25 ಮಿಲಿಮೀಟರ್ ಬಿಡುವು ಬೇಕು.

ಬಾನೆಟ್ ಎತ್ತರ ನೋಡಲು ನಮ್ಮ ಮೇಸ್ತ್ರಿ ಹೇಳಿಕೊಟ್ಟ ಉಪಾಯ ಇನ್ನೂ ನೆನಪಿದೆ. ಏರ್ ಕ್ಲೀನರ್ ಬರುವ ಜಾಗದಲ್ಲಿ ನಿಂಬೆಗಾತ್ರದ ಚಪಾತಿ ಹಿಟ್ಟಿನ ಉಂಡೆ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಾನೆಟ್ಟನ್ನು ಮೆಲ್ಲಗೆ ಮುಚ್ಚಿಸಿದರು. ತೆರೆದಾಗ ಉಂಡೆ ಚಪ್ಪಟೆಯಾಗಿ ಕೂತಿತ್ತು. ಚಾಕುವಿನಲ್ಲಿ ಸೀಳಿ ಸ್ಕೇಲ್ ಇಟ್ಟೆವು, 9 ಮಿಲಿಮೀಟರ್. ‘ಸಾಲಲ್ಲ ಸ್ವಾಮಿ, ಮೊದಲನೇ ಹಂಪ್‌ಗೇ ತಾಗುತ್ತೆ’ ಎಂದರು. ಮೌಂಟಿಂಗ್ ಇಳಿಸಿ ಕೂರಿಸುವ ತೀರ್ಮಾನ ಆ ಒಂದು ಉಂಡೆಯಿಂದಾಯಿತು.

ಶಾಫ್ಟಿನ ಕೋನವನ್ನೂ ಈಗಲೇ ನೋಡಿ. ಗೇರ್‌ಬಾಕ್ಸಿನ ಗೆರೆ ಮತ್ತು ಹೌಸಿಂಗಿನ ಪಿನಿಯನ್ ಗೆರೆ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ವೇಗ ಏರಿದಂತೆ ಗಾಡಿ ನಡುಗುತ್ತದೆ, ಕ್ರಾಸ್ ಜಾಯಿಂಟ್ ಸವೆಯುತ್ತದೆ. ಕೋನ ಅಳೆಯಲು ಮೊಬೈಲಿನ ಲೆವೆಲ್ ಆ್ಯಪ್ ಸಾಕು.

ಹೆಜ್ಜೆ 5: ಗೇರಿನ ಲೆಕ್ಕ

ಹೌಸಿಂಗಿನ ಅನುಪಾತ ಗೊತ್ತಿಲ್ಲದಿದ್ದರೆ ಹಿಂದಿನ ಎರಡೂ ಚಕ್ರ ಎತ್ತಿ, ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಡಿ. ಎರಡೂ ಚಕ್ರಗಳನ್ನು ಒಟ್ಟಿಗೆ ಹತ್ತು ಸುತ್ತು ತಿರುಗಿಸಿ ಶಾಫ್ಟ್ ಎಷ್ಟು ಸುತ್ತಿತೆಂದು ಎಣಿಸಿ. 43 ಸುತ್ತಾದರೆ ಅನುಪಾತ 4.3.

ಚಕ್ರ ಒಂದು ಸುತ್ತಿಗೆ 1.85 ಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ನೇರ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ವೇಗ ಗಂಟೆಗೆ ಸುಮಾರು 26 ಕಿ.ಮೀ. 80ರಲ್ಲಿ ಹೋಗಲು 3100 ಸುತ್ತು ಬೇಕು. ಹೊಸ ಬಾಕ್ಸಿನಲ್ಲಿ 0.8 ಅನುಪಾತದ ಐದನೇ ಗೇರ್ ಇದ್ದರೆ ಅದೇ ವೇಗಕ್ಕೆ 2500 ಸುತ್ತು ಸಾಕು. ಹೆದ್ದಾರಿಯಲ್ಲಿ ಎಂಜಿನ್ ಚೀರುತ್ತದೋ, ಹಾಯಾಗಿ ಓಡುತ್ತದೋ ಎಂಬುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 6: ನಿಲ್ಲಿಸುವ ಶಕ್ತಿ ಮೊದಲು

ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಎಂಪಿಎಫ್‌ಐ (ಅಂದರೆ ಇಂಧನವನ್ನು ಇಂಜೆಕ್ಟರಿನಿಂದ ಚಿಮ್ಮಿಸುವ) ಜಿಪ್ಸಿ ಎಂಜಿನ್ನಿನ ಶಕ್ತಿ 80 ಅಶ್ವಶಕ್ತಿ, ಪದ್ಮಿನಿಯ ಮೂಲ ಎಂಜಿನ್ನಿನ ಹೆಚ್ಚುಕಡಿಮೆ ಎರಡರಷ್ಟು. ಎಂಜಿನ್ ಕೂರಿಸುವ ಮೊದಲೇ ಬ್ರೇಕ್ ಲೈನ್, ಮಾಸ್ಟರ್ ಸಿಲಿಂಡರ್, ಲೈನರ್, ಕಿಂಗ್ ಪಿನ್, ಸ್ಪ್ರಿಂಗ್ ಎಲ್ಲ ಹೊಸದಾಗಬೇಕು. ಮುಂದೆ ಡಿಸ್ಕ್ ಹಾಕಿಸುವುದಾದರೆ ಅದೂ ಮಾರ್ಪಾಡೇ. ಆರ್‌ಟಿಒ ಅರ್ಜಿಯಲ್ಲಿ ಸೇರಿಸಿ.

ರೇಡಿಯೇಟರನ್ನು ಹೊಸ ಎಂಜಿನ್ನಿನ ಅಳತೆಗೆ ಆರಿಸಿ. ಎಂಪಿಎಫ್‌ಐ ಎಂಜಿನ್ನಿಗೆ ಹಳೆಯ ಕಾರ್ಬುರೇಟರ್ ಪಂಪು ಸಾಲದು. ಅದರ ಒತ್ತಡ ಒಂದು ಬಾರ್‌ಗಿಂತ ಬಹಳ ಕಡಿಮೆ, ಇಂಜೆಕ್ಷನ್ನಿಗೆ ಎರಡೂವರೆ ಮೂರು ಬಾರ್ ಬೇಕು. ಪಂಪಿನ ಜತೆಗೆ ಆ ಒತ್ತಡ ತಡೆಯುವ ಪೈಪ್, ಕ್ಲಿಪ್‌ಗಳೂ ಬೇಕು. ಇಲ್ಲಿ ಅಗ್ಗದ ಪೈಪ್ ಹಾಕಿದರೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆ.

ಹೆಜ್ಜೆ 7: ಈಗ ಕೊಳ್ಳಿ

ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಗೊತ್ತೇ ಇವೆ. ಎಲ್ಲಿ ಕೊಂಡರೂ ನಾಲ್ಕು ಮಾತು ನೆನಪಿಡಿ.

ಒಂದು, ಎಂಜಿನ್ ಸಂಖ್ಯೆ ಇರುವ ಬಿಲ್ ಮತ್ತು ಅದು ಬಂದ ಗಾಡಿಯ ದಾಖಲೆ ಇಲ್ಲದೆ ಕೊಳ್ಳಬೇಡಿ. ಸಂಖ್ಯೆ ಉಜ್ಜಿದಂತೆ ಕಂಡರೆ ಅಲ್ಲಿಂದಲೇ ಹಿಂದಿರುಗಿ, ಕಳವಿನ ಮಾಲಿರಬಹುದು. ಎರಡು, ಕಂಪ್ರೆಷನ್ ಪರೀಕ್ಷೆ ಮಾಡಿಸಿ. ನಾಲ್ಕೂ ಸಿಲಿಂಡರ್‌ಗಳ ಅಂಕಿ ಹತ್ತಿರ ಹತ್ತಿರ ಇರಬೇಕು. ಮೂರು, ಆಯಿಲ್ ಮುಚ್ಚಳ ತೆಗೆದು ನೋಡಿ. ಹಾಲಿನ ಕೆನೆಯಂಥದ್ದು ಅಂಟಿದ್ದರೆ ಆಯಿಲಿಗೆ ನೀರು ಸೇರಿರುವ ಸಾಧ್ಯತೆ ಇದೆ. ನಾಲ್ಕು, ವೈರಿಂಗ್, ಇಸಿಎಂ, ಸೆನ್ಸರ್, ಆಲ್ಟರ್ನೇಟರ್, ಮೌಂಟಿಂಗ್, ಗೇರ್‌ಬಾಕ್ಸ್ ಎಲ್ಲ ಒಂದೇ ಗಾಡಿಯವು, ಒಟ್ಟಿಗೇ ಬರಲಿ. ಕತ್ತರಿಸಿದ ವೈರಿಂಗ್ ತಂದರೆ ಎಲೆಕ್ಟ್ರಿಷಿಯನ್‌ಗೆ ಕೊಡುವ ಕೂಲಿಯಲ್ಲಿ ಉಳಿಸಿದ ದುಡ್ಡು ಹೋಗುತ್ತದೆ.

ಖರ್ಚಿನ ವಿಷಯದಲ್ಲಿ ನನ್ನ ಅನುಭವ ಇಷ್ಟು: ಎಂಜಿನ್ನಿಗೆ ಕೊಟ್ಟಷ್ಟೇ ದುಡ್ಡು ಮತ್ತೆ ಲೇತ್ ಕೆಲಸ, ರೇಡಿಯೇಟರ್, ಎಕ್ಸಾಸ್ಟ್, ಶಾಫ್ಟ್ ಬ್ಯಾಲೆನ್ಸಿಂಗ್‌ಗೆ ಹೋಗುತ್ತದೆ. ಅದನ್ನು ಮೊದಲೇ ಎತ್ತಿಡಿ.

ಹೆಜ್ಜೆ 8: ಹಿಂದಿರುಗುವ ದಾರಿ ಉಳಿಸಿಕೊಳ್ಳಿ

ಗ್ಯಾಸ್ ಕಟರ್ ಕೈಗೆತ್ತಿಕೊಳ್ಳುವ ಮುನ್ನ ಒಂದು ಕ್ಷಣ ನಿಲ್ಲಿ. ಫೈರ್‌ವಾಲ್, ಕ್ರಾಸ್ ಮೆಂಬರ್, ಬಾನೆಟ್ ಕತ್ತರಿಸದೆ ಕೂರುವ ಎಂಜಿನ್ನನ್ನೇ ಆರಿಸಿ. ಮೌಂಟಿಂಗನ್ನು ಬೆಸುಗೆ ಹಾಕದೆ, ಮೂಲ ತೂತುಗಳಿಗೇ ಬೋಲ್ಟ್ ಆಗುವಂತೆ ಮಾಡಿಸಿ. ಕತ್ತರಿಸಿದರೆ ಮಾತ್ರ ಕೂರುತ್ತದೆ ಎಂದಾದರೆ ಅದು ನಿಮ್ಮ ಗಾಡಿಯ ಎಂಜಿನ್ನಲ್ಲ.

ಹಳೆ ಎಂಜಿನ್ನನ್ನು ತೂಕಕ್ಕೆ ಹಾಕಬೇಡಿ. ಸಿಲಿಂಡರ್‌ಗಳಿಗೆ ಆಯಿಲ್ ಬಿಟ್ಟು, ತೂತುಗಳಿಗೆ ಬಟ್ಟೆ ತುರುಕಿ, ಸಂಖ್ಯೆಯ ಫೋಟೊ ತೆಗೆದು, ಮರದ ಹಲಗೆಯ ಮೇಲೆ ಒಣ ಜಾಗದಲ್ಲಿಡಿ. ನನ್ನ ಬಿರುಕುಬಿಟ್ಟ ಬ್ಲಾಕ್ ಹಾಗೇ ಇದೆ. ಇಂಥ ಬಿರುಕನ್ನು ಲೋಹದ ಹೊಲಿಗೆ ಹಾಕಿ ಕೂಡಿಸುವ ಕುಶಲಕರ್ಮಿಗಳಿದ್ದಾರೆ ಎಂದು ತಿಳಿದದ್ದು ತಡವಾಗಿ. ಬಾಡಿಯನ್ನು ಎಲ್ಲೂ ಕತ್ತರಿಸಿರಲಿಲ್ಲವಾದ್ದರಿಂದ ಆ ಬ್ಲಾಕ್ ದುರಸ್ತಿಯಾಗಿ ಬಂದ ದಿನ ಅದೇ ತೂತುಗಳಿಗೆ, ಅದೇ ಬೋಲ್ಟುಗಳಲ್ಲಿ ಮತ್ತೆ ಕೂರುತ್ತದೆ.